ನಡುಗಂಬದ ಹಾಯಿ ತಿರುಗಿರುವುದು ತಪ್ಪಲ್ಲ: ಹಳೆಯ ಹಡಗಿನ ಚಿತ್ರವೊಂದನ್ನು ಓದುವ ಬಗೆ

ಪ್ರಶ್ನೆ: ನಮ್ಮ ಮಗಳು ಲಿವರ್‌ಪೂಲ್‌ನಲ್ಲಿ ವೈದ್ಯೆ. ಅಲ್ಲಿನ ಹಳೆಯ ವಸ್ತುಗಳ ಹರಾಜಿನಲ್ಲಿ ಒಂದು ತೈಲಚಿತ್ರ ಕೊಂಡು ಉಡುಪಿಯ ನಮ್ಮ ಮನೆಗೆ ತಂದಿದ್ದಾಳೆ. ಸುಮಾರು ಮೂರು ಅಡಿ ಅಗಲ, ಎರಡು ಅಡಿ ಎತ್ತರ. ಮೂರು ಕಂಬಗಳ ಹಾಯಿಹಡಗು, ಎಡಗಡೆ ಬಿಳಿಯ ದೀಪಸ್ತಂಭ ಮತ್ತು ಕೆಂಪು ಕಲ್ಲಿನ ಕೋಟೆ, ಹಾಯಿಯ ಮೇಲೆ ಅಂಕಿ ಬರೆದ ಒಂದು ಚಿಕ್ಕ ದೋಣಿ, ದೂರದಲ್ಲಿ ಅಂಥದ್ದೇ ಇನ್ನೊಂದು ಹಡಗು. ಹಡಗಿನ ಹಿಂಬದಿಯಲ್ಲಿ ಕೆಂಪು ಬಾವುಟ. ಬೇರೆ ಕಡೆ ಒಂದರ ಕೆಳಗೊಂದು ನಾಲ್ಕು ಬಣ್ಣದ ಬಾವುಟಗಳು. ಸಹಿ ಇಲ್ಲ. ಚಿತ್ರಕಲೆ ಬಲ್ಲ ಬಂಧುವೊಬ್ಬರು ನೋಡಿ, “ಮುಂದಿನ ಕಂಬದ ಹಾಯಿ ಮುಂದಕ್ಕೆ ಉಬ್ಬಿದೆ, ನಡುಗಂಬದ್ದು ಹಿಂದಕ್ಕೆ ಒತ್ತಿಕೊಂಡಿದೆ. ಗಾಳಿ ಒಮ್ಮೆಗೇ ಎರಡು ಕಡೆಯಿಂದ ಬೀಸುವುದುಂಟೇ? ಅಲೆಗಳನ್ನು ಬಾಚಣಿಗೆಯಿಂದ ಬಾಚಿದಂತಿದೆ. ಇನ್ನೂ ಕಲಿಯುತ್ತಿದ್ದವರು ಬರೆದದ್ದು” ಎಂದರು. ಮಗಳಿಗೆ ಬೇಸರವಾಗಿದೆ. ಇದು ಯಾವ ಹಡಗು, ಯಾವ ಊರು, ಯಾವ ಕಾಲ ಎಂದು ತಿಳಿಯಲು ಸಾಧ್ಯವೇ? ಮಾಸಿದ ಹಳದಿ ಬಣ್ಣವನ್ನು ಮನೆಯಲ್ಲೇ ತೊಳೆಯಬಹುದೇ?

ಉತ್ತರ: ತೊಳೆಯಬೇಡಿ. ಉಳಿದದ್ದನ್ನು ಓದುವ ಮೊದಲು ಈ ಒಂದು ಮಾತನ್ನು ಮನೆಯವರಿಗೆಲ್ಲ ಹೇಳಿಬಿಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

ನಿಮ್ಮ ಬಂಧುಗಳು ಕಂಡದ್ದೆಲ್ಲ ನಿಜ, ಅವರ ಕಣ್ಣು ಚುರುಕಾಗಿದೆ. ಆದರೆ ಅವರು ತಪ್ಪೆಂದು ಎಣಿಸಿದ ನಡುಗಂಬದ ಹಾಯಿಯೇ ಈ ಚಿತ್ರ ಬರೆದವನಿಗೆ ಹಡಗು ಎಷ್ಟು ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ. ನೀವು ಕಳುಹಿಸಿದ ಛಾಯಾಚಿತ್ರಗಳನ್ನು ದೊಡ್ಡದು ಮಾಡಿ ಎರಡು ಸಂಜೆ ನೋಡಿದ್ದೇನೆ. ನಿಮ್ಮ ಮಗಳು ಬೇಸರಪಡುವ ಕಾರಣವೇ ಇಲ್ಲ.

ಬಹಳ ವರ್ಷಗಳ ಹಿಂದೆ ಇಂಥದ್ದೇ ಒಂದು ಚಿತ್ರದ ಪ್ರತಿಯನ್ನು ಗಂಗೊಳ್ಳಿಯಲ್ಲಿ ಒಬ್ಬ ಮುದಿ ತಂಡೇಲರಿಗೆ, ಅಂದರೆ ದೋಣಿ ನಡೆಸುವ ಮುಖ್ಯಸ್ಥರಿಗೆ, ತೋರಿಸಿದ್ದೆ. ಹಂಚು ತುಂಬಿದ ಮಂಜಿ ಎಂಬ ಹಾಯಿದೋಣಿಗಳಲ್ಲಿ ಮುಂಬಯಿಗೆ ಹೋಗಿಬಂದವರು ಅವರು. ಹಾಯಿ ಕಟ್ಟುವ ಇಂಥ ಅಡ್ಡಮರಗಳ ವಿಲಾಯತಿ ಹಡಗಿನಲ್ಲಿ ಅವರು ಕಾಲಿಟ್ಟವರಲ್ಲ. ಆದರೂ ಚಿತ್ರವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ, “ಇದು ಓಡುತ್ತಿಲ್ಲ ಮಾರಾಯರೇ, ನಿಲ್ಲಿಸಿದ್ದಾರೆ. ಯಾರನ್ನೋ ಹತ್ತಿಸಿಕೊಳ್ಳಲಿಕ್ಕಿದೆ” ಎಂದರು. ನಾನು ಪುಸ್ತಕ ತಿರುವಿ ಕಲಿತದ್ದನ್ನು ಅವರು ಹಾಯಿಯ ಹೊಟ್ಟೆ ನೋಡಿ ಹೇಳಿದ್ದರು. ಈ ಚಿತ್ರಗಳ ಮೊದಲ ನೋಡುಗರು ಅವರಂಥವರೇ ಎನ್ನುವುದು ನನಗೆ ಆ ದಿನ ಮನಸ್ಸಿಗೆ ಇಳಿಯಿತು.

ಎಂಜಿನ್ ಇಲ್ಲದ ದೊಡ್ಡ ಹಡಗನ್ನು ಆಳದ ನೀರಿನಲ್ಲಿ, ಲಂಗರು ಇಳಿಸದೆ, ಅರ್ಧ ಗಂಟೆ ನಿಲ್ಲಿಸುವುದು ಹೇಗೆ? ಹಾಯಿಗಳನ್ನೆಲ್ಲ ಸುತ್ತಿದರೆ ಮತ್ತೆ ಬಿಚ್ಚಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹಡಗು ಹಿಡಿತ ತಪ್ಪಿ ತೇಲುತ್ತದೆ. ಆದ್ದರಿಂದ ಮುಂದಿನ ಕಂಬದ ಹಾಯಿಗಳನ್ನು ಗಾಳಿ ತುಂಬಿದಂತೆಯೇ ಬಿಟ್ಟು, ನಡುಗಂಬದ ಅಡ್ಡಮರಗಳನ್ನು ಮಾತ್ರ ಹಗ್ಗ ಎಳೆದು ಇನ್ನೊಂದು ದಿಕ್ಕಿಗೆ ತಿರುಗಿಸುತ್ತಾರೆ. ಆಗ ಅದೇ ಗಾಳಿ ಆ ಹಾಯಿಗೆ ಮುಂಭಾಗದಿಂದ ಬಡಿಯುತ್ತದೆ, ಬಟ್ಟೆ ಕಂಬಕ್ಕೆ ಒತ್ತಿಕೊಳ್ಳುತ್ತದೆ. ಮುಂದಿನ ಹಾಯಿ ಹಡಗನ್ನು ಮುಂದಕ್ಕೆ ಎಳೆಯುತ್ತದೆ, ನಡುವಿನದು ಹಿಂದಕ್ಕೆ ತಳ್ಳುತ್ತದೆ. ಎರಡೂ ಸರಿದೂಗಿದಾಗ ಹಡಗು ಹೆಚ್ಚುಕಡಿಮೆ ನಿಂತ ಹಾಗೆ. ಗಾಳಿ ಒಂದೇ, ಬೀಸುವ ಕಡೆಯೂ ಒಂದೇ. ಬೇರೆಯಾದದ್ದು ಹಾಯಿ ನಿಂತ ಕೋನ. ನಿಮ್ಮ ಚಿತ್ರದಲ್ಲಿ ನಡುಗಂಬದ ಎಲ್ಲಕ್ಕಿಂತ ಕೆಳಗಿನ ದೊಡ್ಡ ಹಾಯಿಯನ್ನು ಮೇಲಕ್ಕೆ ಮುದುಡಿ ಎತ್ತಿರುವುದನ್ನೂ ಗಮನಿಸಿ. ಹೀಗೆ ನಿಲ್ಲಿಸುವಾಗ ಮಾಡಬೇಕಾದ ಕೆಲಸವೇ ಅದು. ಕಲಿಯುತ್ತಿರುವವನು ಇದನ್ನು ಊಹಿಸಿ ಬರೆಯಲಾರ.

ಇನ್ನು ನಿಲ್ಲಿಸಿದ್ದು ಯಾರಿಗಾಗಿ? ಅಂಕಿ ಬರೆದ ಹಾಯಿಯ ಆ ಚಿಕ್ಕ ದೋಣಿಗಾಗಿ. ಅದು ಲಿವರ್‌ಪೂಲ್‌ನ ಪೈಲಟ್ ದೋಣಿ, ಅಂದರೆ ಹಡಗು ಹತ್ತಿ ಬಂದರಿನ ದಾರಿ ತೋರಿಸುವವರ ದೋಣಿ. ಮರ್ಸಿ ನದಿಯ ಅಳಿವೆಯ ಮುಂದೆ ಮರಳುದಿಬ್ಬಗಳು ಮೈಲುಗಟ್ಟಲೆ ಹಬ್ಬಿವೆ. ಅಲ್ಲಿನ ಭರತ ಇಳಿತಗಳ ಅಂತರ ದೊಡ್ಡ ಭರತದ ದಿನಗಳಲ್ಲಿ ಒಂಬತ್ತು ಮೀಟರಿಗೂ ಮೇಲೆ ಹೋಗುತ್ತದೆ. ನಿಮ್ಮ ಮಲ್ಪೆಯಲ್ಲಿ ಅದು ಎರಡು ಮೀಟರಿಗೂ ಕಡಿಮೆ. ಅಂಥ ನೀರಿನಲ್ಲಿ ದಾರಿ ಬಲ್ಲವನು ಹಡಗು ಹತ್ತದೆ ಒಳಗೆ ಹೋಗುವ ಧೈರ್ಯ ಯಾವ ಕಪ್ತಾನನಿಗೂ ಇರಲಿಲ್ಲ. 1766ರಲ್ಲೇ ಕಾನೂನಿನ ಮೂಲಕ ಲಿವರ್‌ಪೂಲ್‌ನಲ್ಲಿ ಪೈಲಟ್ ಸೇವೆಯನ್ನು ಸ್ಥಾಪಿಸಿದ್ದರು. ಆ ದೋಣಿಗಳು ತಮ್ಮ ಸಂಖ್ಯೆಯನ್ನು ಹಾಯಿಯ ಮೇಲೆ ದೊಡ್ಡದಾಗಿ ಬರೆದುಕೊಂಡು ಸಮುದ್ರದಲ್ಲಿ ಕಾಯುತ್ತಿದ್ದವು. ಭೂತಗನ್ನಡಿ ಹಿಡಿದು ಹಡಗಿನ ಒಡಲಿನ ಹತ್ತಿರದ ನೀರನ್ನು ಹುಡುಕಿ. ಮೂರನೆಯ ಛಾಯಾಚಿತ್ರದಲ್ಲಿ ಹುಟ್ಟು ಹಾಕುತ್ತಿರುವ ಇನ್ನೂ ಚಿಕ್ಕ ದೋಣಿಯೊಂದು, ಅದರಲ್ಲಿ ನೆಟ್ಟಗೆ ಕುಳಿತ ಒಬ್ಬ ವ್ಯಕ್ತಿ ನನಗೆ ಕಂಡಂತಿದೆ. ಪೈಲಟ್ ಅವನೇ ಇರಬೇಕು.

ಊರಿನ ಪ್ರಶ್ನೆಗೂ ಇಲ್ಲೇ ಉತ್ತರ ಬಂತು. ಬಿಳಿಯ ದೀಪಸ್ತಂಭ, ಪಕ್ಕದಲ್ಲಿ ಕೆಂಪು ಮರಳುಕಲ್ಲಿನ ತಗ್ಗು ಕೋಟೆ: ಇದು ಮರ್ಸಿಯ ಬಾಯಲ್ಲಿ ನ್ಯೂ ಬ್ರೈಟನ್‌ನ ಪರ್ಚ್ ರಾಕ್. ದೀಪಸ್ತಂಭದ ಕೆಲಸ 1827ರಲ್ಲಿ ಆರಂಭವಾಯಿತು, ದೀಪ ಮೊದಲು ಬೆಳಗಿದ್ದು 1830ರಲ್ಲಿ. 1973ರಲ್ಲಿ ಆರಿಸಿದರೂ ಸ್ತಂಭ ಇಂದಿಗೂ ನಿಂತಿದೆ. ಇಳಿತದ ಹೊತ್ತಿಗೆ ಮರಳಿನ ಮೇಲೆ ನಡೆದೇ ಅದರ ಬುಡಕ್ಕೆ ಹೋಗಬಹುದು. ನಿಮ್ಮ ಮಗಳು ರಜೆಯ ದಿನ ಹೋಗಿ ನೋಡಲಿ. ಹಾಗಾಗಿ ಚಿತ್ರ 1830ಕ್ಕಿಂತ ಹಿಂದಿನದಲ್ಲ.

ಒಂದು ಎಚ್ಚರಿಕೆ. ದೀಪಸ್ತಂಭ ಅಲ್ಲಿದೆ ಎಂದ ಮಾತ್ರಕ್ಕೆ ಚಿತ್ರಗಾರ ಆ ಜಾಗದಲ್ಲಿ ಈ ಹಡಗು ಹೀಗೆ ನಿಂತದ್ದನ್ನು ಕಂಡಿದ್ದ ಎಂದು ತಿಳಿಯಬಾರದು. ಈ ಬಗೆಯ ಚಿತ್ರಗಳು ಹುಟ್ಟುತ್ತಿದ್ದ ರೀತಿಯೇ ಬೇರೆ. ಹಡಗು ಧಕ್ಕೆಗೆ ಬಂದು ಸರಕು ಇಳಿಸುವಾಗ ಕಪ್ತಾನನೋ ಮಾಲೀಕನೋ ಚಿತ್ರಗಾರನಿಗೆ ಹೇಳಿಕಳುಹಿಸುತ್ತಿದ್ದ. ಚಿತ್ರಗಾರ ಬಂದು ಒಡಲಿನ ಉದ್ದ, ಕಂಬಗಳ ಎತ್ತರ, ಮುಂಬದಿಯ ಗೊಂಬೆ, ಹಗ್ಗಗಳ ಕಟ್ಟು ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದ. ಧಕ್ಕೆಯಲ್ಲಿ ನಿಂತ ಹಡಗಿಗೆ ಹಾಯಿಯೇ ಕಟ್ಟಿರುವುದಿಲ್ಲ. ಹಾಯಿ, ಗಾಳಿ, ಅಲೆ, ಮೋಡ ಎಲ್ಲವೂ ಅವನ ತಿಳಿವಳಿಕೆಯಿಂದ ಬಂದವು. ಹಡಗು ಮತ್ತೆ ಹೊರಡುವುದರೊಳಗೆ ಬಣ್ಣ ಒಣಗಿ ಚಿತ್ರ ಕೈಸೇರಬೇಕು. ಕೆಲವೇ ವಾರಗಳ ಗಡುವು. ಹಾಗಾಗಿ ಆಕಾಶ, ನೀರು, ದೀಪಸ್ತಂಭಗಳನ್ನು ಅಭ್ಯಾಸವಾದ ಕೈಯಿಂದ ಬೇಗ ಮುಗಿಸಿ, ಉಳಿದ ಹೊತ್ತನ್ನೆಲ್ಲ ಹಡಗಿಗೇ ಕೊಡುತ್ತಿದ್ದರು. ಬಾಚಣಿಗೆಯಿಂದ ಬಾಚಿದಂತಹ ಅಲೆಗಳ ಬಗ್ಗೆ ನಿಮ್ಮ ಬಂಧುಗಳ ಮಾತನ್ನು ನಾನೂ ಒಪ್ಪುತ್ತೇನೆ. ನೀರು ಈ ಚಿತ್ರದ ದುರ್ಬಲ ಭಾಗ. ಆದರೆ ಹಣ ಕೊಟ್ಟವನು ನೀರು ನೋಡಲು ಹಣ ಕೊಟ್ಟಿರಲಿಲ್ಲ. ಹಗ್ಗವೊಂದು ತಪ್ಪಾದ ಕಡೆ ಕಟ್ಟಿದ್ದರೆ ಅವನು ಚಿತ್ರವನ್ನು ಹಿಂದಕ್ಕೆ ಕಳುಹಿಸುತ್ತಿದ್ದ, ಏಕೆಂದರೆ ಚಂಡಮಾರುತದ ರಾತ್ರಿ ಅವನ ಜೀವ ಆ ಹಗ್ಗವನ್ನೇ ನಂಬಿರುತ್ತಿತ್ತು.

ಹಿಂದಿನ ‘ಇನ್ನೊಂದು’ ಹಡಗು ಬೇರೆಯದಲ್ಲ, ಇದೇ ಹಡಗು. ಕಂಬಗಳನ್ನು ಎಣಿಸಿ, ಒಡಲಿನ ಬಿಳಿಯ ಪಟ್ಟಿಯನ್ನು ಹೋಲಿಸಿ ನೋಡಿ. ಒಂದೇ ಹಡಗನ್ನು ಒಂದೇ ಪಟದಲ್ಲಿ ಎರಡು ಅಥವಾ ಮೂರು ಸಲ ತೋರಿಸುವ ಸಂಪ್ರದಾಯ 18ನೆಯ ಶತಮಾನದಿಂದಲೇ ಇಂಗ್ಲೆಂಡಿನ ಹಡಗಿನ ಚಿತ್ರಗಳಲ್ಲಿತ್ತು. ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೋರಿಸಿದರೆ ಮಾಲೀಕನಿಗೆ ತನ್ನ ಹಡಗಿನ ಪೂರ್ತಿ ರೂಪ ಸಿಗುತ್ತದೆ. ಹಳೇಬೀಡಿನ ಗೋಡೆಯ ಕಥಾಪಟ್ಟಿಕೆಗಳಲ್ಲಿ ಅದೇ ವೀರ ಹೆಜ್ಜೆಹೆಜ್ಜೆಗೂ ಮತ್ತೆ ಕಾಣಿಸಿಕೊಳ್ಳುವುದನ್ನು ನೋಡಿ ಬೆಳೆದ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಈಗ ಕಾಲ. ಮೂರು ಕಂಬಗಳಲ್ಲಿ ಮೊದಲ ಎರಡಕ್ಕೆ ಅಡ್ಡಮರಗಳಿವೆ. ಕೊನೆಯದಕ್ಕೆ ಇಲ್ಲ, ಅಲ್ಲಿ ಹಡಗಿನ ಉದ್ದಕ್ಕೆ ಕಟ್ಟಿದ ಹಾಯಿ ಮಾತ್ರ. ಇಂಥ ಹಡಗನ್ನು ಬಾರ್ಕ್ ಎನ್ನುತ್ತಾರೆ. ಮೂರೂ ಕಂಬಗಳಿಗೆ ಅಡ್ಡಮರಗಳಿರುವ ಪೂರ್ಣ ಹಾಯಿಹಡಗಿಗಿಂತ ಕಡಿಮೆ ಜನರಿಂದ ನಡೆಸಬಹುದಾದ್ದರಿಂದ ವ್ಯಾಪಾರಿಗಳಿಗೆ ಅಚ್ಚುಮೆಚ್ಚು. ಮುಂದಿನ ಕಂಬದಲ್ಲಿ ಕೆಳಗಿನಿಂದ ಎಣಿಸಿ. ಅಡಿಯ ದೊಡ್ಡ ಹಾಯಿಯ ಮೇಲೆ ಎತ್ತರ ಕಡಿಮೆಯಿರುವ ಎರಡು ಅಗಲವಾದ ಹಾಯಿಗಳು ಒಂದರ ಮೇಲೊಂದಿವೆ. ಮೊದಲು ಆ ಜಾಗದಲ್ಲಿ ಒಂದೇ ಒಂದು ಭಾರಿ ಹಾಯಿ ಇರುತ್ತಿತ್ತು. ಬಿರುಗಾಳಿಯಲ್ಲಿ ಅದನ್ನು ಮಡಚಿ ಕಟ್ಟಲು ಹತ್ತಾರು ಜನ ಅಡ್ಡಮರದ ಮೇಲೆ ಹೊಟ್ಟೆಯೊತ್ತಿ ಜೋತುಬೀಳಬೇಕಿತ್ತು. ಅಮೆರಿಕದ ಕಪ್ತಾನ ಫ್ರೆಡ್ರಿಕ್ ಹೌಸ್ 1854ರಲ್ಲಿ ಆ ಹಾಯಿಯನ್ನು ಎರಡಾಗಿ ಒಡೆಯುವ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ. 1860ರ ದಶಕದ ನಡುವಿನ ಹೊತ್ತಿಗೆ ಅದು ಎಲ್ಲ ಕಡೆ ಹಬ್ಬಿತ್ತು. ನಿಮ್ಮ ಹಡಗಿನಲ್ಲಿ ಅದಕ್ಕೂ ಮೇಲಿನ ಹಾಯಿ ಇನ್ನೂ ಒಂದಾಗಿಯೇ ಇದೆ. ದೊಡ್ಡ ಹಡಗುಗಳಲ್ಲಿ ಅದನ್ನೂ ಒಡೆಯುವ ಪದ್ಧತಿ ಬಂದದ್ದು 1870ರ ದಶಕದಲ್ಲಿ. ಒಡಲಿನ ಬಿಳಿಯ ಪಟ್ಟಿಯಲ್ಲಿ ಸಾಲಾಗಿ ಕಾಣುವ ಕಪ್ಪು ಚೌಕಗಳು ಫಿರಂಗಿಯ ಕಿಂಡಿಗಳಲ್ಲ, ಬರಿಯ ಬಣ್ಣ. ದೂರದಿಂದ ನೋಡುವ ಕಡಲುಗಳ್ಳರಿಗೆ ಇದು ಯುದ್ಧನೌಕೆಯೇನೋ ಎನಿಸಲಿ ಎಂದು ಶುರುವಾದ ಅಲಂಕಾರ ಅದು. ಕಳ್ಳರ ಭಯ ಹೋದ ಮೇಲೂ ಶತಮಾನದ ಕೊನೆಯವರೆಗೆ ಉಳಿಯಿತು, ಆದ್ದರಿಂದ ಕಾಲನಿರ್ಣಯಕ್ಕೆ ಅದರಿಂದ ಸಹಾಯವಿಲ್ಲ. ಹಿಂಬದಿಯ ಕೆಂಪು ಬಾವುಟ ಬ್ರಿಟಿಷ್ ವ್ಯಾಪಾರಿ ಹಡಗಿನದು. ಎಲ್ಲ ಸೇರಿಸಿ ನನ್ನ ಅಂದಾಜು: 1858ರಿಂದ 1880ರ ನಡುವೆ, ಅದರಲ್ಲೂ 1860ರ ದಶಕ. 1858 ಎಂದು ಏಕೆ ಹೇಳಿದೆ ಎನ್ನುವುದಕ್ಕೆ ಆ ನಾಲ್ಕು ಬಾವುಟಗಳ ಬಳಿಗೆ ಹೋಗಬೇಕು.

ಆ ಬಾವುಟಗಳು ಅಲಂಕಾರವಲ್ಲ. ಅವು ಹಡಗಿನ ಹೆಸರು.

ಸಮುದ್ರದಲ್ಲಿ ಎದುರಾದ ಹಡಗಿಗೆ, ತೀರದ ಕಾವಲುಗೋಪುರಕ್ಕೆ ‘ನಾನು ಇಂಥವನು’ ಎಂದು ತಿಳಿಸುವ ಅಗತ್ಯ ಹಳೆಯದು. 1817ರಲ್ಲಿ ಕಪ್ತಾನ ಫ್ರೆಡ್ರಿಕ್ ಮ್ಯಾರಿಯಟ್ ವ್ಯಾಪಾರಿ ಹಡಗುಗಳಿಗಾಗಿ ಒಂದು ಸಂಕೇತ ಪುಸ್ತಕ ಮಾಡಿದ. ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳ ಬಾವುಟ; ಪ್ರತಿ ಹಡಗಿಗೂ ಒಂದು ಸಂಖ್ಯೆ. 1857ರಲ್ಲಿ ಬ್ರಿಟನ್ ಹೊಸ ವಾಣಿಜ್ಯ ಸಂಕೇತವನ್ನು ಹೊರತಂದಿತು. ಇಂಗ್ಲಿಷ್ ವರ್ಣಮಾಲೆಯ 18 ಅಕ್ಷರಗಳಿಗೆ 18 ಬಾವುಟ, ಸ್ವರಾಕ್ಷರಗಳೇ ಇಲ್ಲ. ಒಮ್ಮೆ ಏರಿಸಿದ ಗುಂಪಿನಲ್ಲಿ ಒಂದೇ ಅಕ್ಷರ ಎರಡು ಸಲ ಬರುವಂತಿಲ್ಲ, ಏಕೆಂದರೆ ಹಡಗಿನಲ್ಲಿ ಇರುತ್ತಿದ್ದದ್ದು ಒಂದೇ ಜೊತೆ. ಎರಡು, ಮೂರು, ನಾಲ್ಕು ಬಾವುಟಗಳನ್ನು ಬೇರೆಬೇರೆ ಕ್ರಮದಲ್ಲಿ ಜೋಡಿಸಿದರೆ 78,642 ಸಂದೇಶಗಳಾಗುತ್ತವೆ. ನಾಲ್ಕರ ಗುಂಪುಗಳಲ್ಲಿ ಎಚ್ ಇಂದ ಡಬ್ಲ್ಯೂವರೆಗಿನ ಅಕ್ಷರಗಳಿಂದ ಆರಂಭವಾಗುವವು ವ್ಯಾಪಾರಿ ಹಡಗುಗಳ ಹೆಸರಿಗೆ ಮೀಸಲು. ಗ್ರೀನಿಚ್‌ನಲ್ಲಿ ಇಂದಿಗೂ ನೋಡಸಿಗುವ, 1869ರಲ್ಲಿ ನೀರಿಗಿಳಿದ ‘ಕಟಿ ಸಾರ್ಕ್’ ಹಡಗಿನ ಅಕ್ಷರಗಳು ಜೆ, ಕೆ, ಡಬ್ಲ್ಯೂ, ಎಸ್. ಆ ನಾಲ್ಕನ್ನು ಮೇಲಿನಿಂದ ಕೆಳಕ್ಕೆ ಏರಿಸಿದರೆ ಸಾಕು, ದುರ್ಬೀನು ಹಿಡಿದ ಯಾರಿಗಾದರೂ ಅದು ಯಾವ ಹಡಗು ಎಂದು ಗೊತ್ತಾಗುತ್ತಿತ್ತು. ಬೇರೆ ದೇಶಗಳೂ ಇದೇ ಸಂಕೇತವನ್ನು ಅಳವಡಿಸಿಕೊಂಡದ್ದರಿಂದ ಅದೇ ನಾಲ್ಕು ಅಕ್ಷರ ಬೇರೆ ದೇಶದ ಹಡಗಿಗೂ ಇರಬಹುದಿತ್ತು. ಹಾಗಾಗಿ ಹಿಂಬದಿಯ ರಾಷ್ಟ್ರಧ್ವಜವನ್ನು ಜೊತೆಗಿಟ್ಟೇ ಓದಬೇಕು. ನಿಮ್ಮದು ಕೆಂಪು, ಅಂದರೆ ಬ್ರಿಟಿಷ್ ಪಟ್ಟಿಯಲ್ಲೇ ಹುಡುಕಬೇಕು.

ಈಗ ನಿಮ್ಮ ಬಾವುಟಗಳನ್ನು ಓದೋಣ. ಮೊದಲನೆಯದು ಉದ್ದಕ್ಕೆ ಸೀಳಿದಂತೆ ಎರಡು ಭಾಗ. ಕಂಬದ ಕಡೆ ಹಳದಿಯಂತೆ ಕಾಣುತ್ತದೆ, ಹೊರಗಡೆ ಕೆಂಪು. ಇಲ್ಲಿ ವಾರ್ನಿಷ್ ಮೋಸ ಮಾಡುತ್ತಿದೆ. ಹಳೆಯ ರಾಳದ ವಾರ್ನಿಷ್ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರಡಿಯಲ್ಲಿ ಬಿಳುಪು ಹಳದಿಯಾಗಿ, ನೀಲಿ ಕಪ್ಪುಹಸಿರಾಗಿ ಕಾಣುತ್ತದೆ. ಸಂಕೇತದಲ್ಲಿ ಹಳದಿ-ಕೆಂಪು ಅರ್ಧಗಳ ಚೌಕ ಬಾವುಟವೇ ಇಲ್ಲ, ಬಿಳಿ-ಕೆಂಪು ಇದೆ. ಅದು ಎಚ್. ಎರಡನೆಯದು ಕಪ್ಪಿನ ಮೇಲೆ ಮೂಲೆಯಿಂದ ಮೂಲೆಗೆ ಹಾದ ಗುಣಾಕಾರದ ಗುರುತು: ನೀಲಿಯ ಮೇಲೆ ಬಿಳಿ, ಅಂದರೆ ಎಂ. ಮೂರನೆಯದು ಹಳದಿ ಮತ್ತು ನೀಲಿಯ ಅರ್ಧಗಳು, ಕೆ. ಇಲ್ಲಿನ ಹಳದಿ ನಿಜವಾದ ಹಳದಿಯೇ, ಏಕೆಂದರೆ ಬಿಳಿ-ನೀಲಿ ಅರ್ಧಗಳ ಬಾವುಟ 1857ರ ಹದಿನೆಂಟರಲ್ಲಿ ಇಲ್ಲ. ನಾಲ್ಕನೆಯದು ಕಷ್ಟ. ಮಸಿ ಹಿಡಿದಿದೆ, ಒಳಗೆ ಏನೋ ಚೌಕವಿದ್ದಂತೆ ಕಾಣುತ್ತದೆ. ಚೌಕದೊಳಗೆ ಚೌಕವಿರುವ ಬಾವುಟಗಳು ಮೂರೇ: ನೀಲಿಯೊಳಗೆ ಬಿಳಿ ಇದ್ದರೆ ಪಿ, ಬಿಳಿಯೊಳಗೆ ನೀಲಿ ಇದ್ದರೆ ಎಸ್, ನೀಲಿಯೊಳಗೆ ಬಿಳಿ, ಅದರೊಳಗೆ ಕೆಂಪು ಇದ್ದರೆ ಡಬ್ಲ್ಯೂ. ಹೊರ ಅಂಚು ಕಪ್ಪಾಗಿ ಕಾಣುವುದರಿಂದ ನನ್ನ ಒಲವು ಪಿ ಅಥವಾ ಡಬ್ಲ್ಯೂ ಕಡೆಗೆ. ಹೀಗೆ ಸಹಿಯೇ ಇಲ್ಲದ ಚಿತ್ರದ ಹಡಗು ಮೂರು ಸಾಧ್ಯತೆಗಳಿಗೆ ಇಳಿದಿದೆ, ಮನೆಯ ಗೋಡೆಯಿಂದ ಪಟವನ್ನು ಇಳಿಸದೆಯೇ.

ಮುಂದಿನ ಕೆಲಸ ಪಟ್ಟಿಗಳದ್ದು. 1857ರಿಂದ ಬ್ರಿಟನ್ನಿನ ವ್ಯಾಪಾರಿ ನೌಕಾಪಟ್ಟಿಯಲ್ಲಿ ವರ್ಷವರ್ಷವೂ ಹಡಗುಗಳ ಹೆಸರು, ಅಧಿಕೃತ ಸಂಖ್ಯೆ, ಸಂಕೇತಾಕ್ಷರಗಳು ಅಚ್ಚಾಗುತ್ತಿದ್ದವು. ಅಕ್ಷರಗಳ ಕ್ರಮದಲ್ಲೇ ಜೋಡಿಸಿದ ಪುಸ್ತಕಗಳೂ ಇದ್ದವು. ಹಳೆಯ ಸಂಪುಟಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ವರ್ಷದ ಸಂಪುಟ ನೋಡಿ ನಿಲ್ಲಿಸಬೇಡಿ. ಹಡಗು ಮುಳುಗಿದ ಮೇಲೆ ಅದರ ಅಕ್ಷರಗಳು ಬೇರೊಂದಕ್ಕೆ ಹೋಗುತ್ತಿದ್ದವು. ಮೀಸಲಿಟ್ಟ ನಾಲ್ಕಕ್ಷರದ ಗುಂಪುಗಳು ಒಟ್ಟು 53,040. ‘ಕಟಿ ಸಾರ್ಕ್’ನ ಅಧಿಕೃತ ಸಂಖ್ಯೆಯೇ 63,557. ಅಕ್ಷರಗಳ ಮರುಬಳಕೆಯಾಗದೆ ಬೇರೆ ದಾರಿಯಿರಲಿಲ್ಲ. ಸಂಖ್ಯೆ ಮಾತ್ರ ಹಾಗಲ್ಲ. ಹೆಸರು ಬದಲಾದರೂ, ಮಾಲೀಕ ಬದಲಾದರೂ, ಬ್ರಿಟಿಷ್ ನೋಂದಣಿಯಲ್ಲಿ ಇರುವಷ್ಟು ಕಾಲ ಹಡಗಿಗೆ ಅದೇ ಸಂಖ್ಯೆ. ಆದ್ದರಿಂದ 1858ರಿಂದ 1880ರವರೆಗಿನ ಸಂಪುಟಗಳಲ್ಲಿ ಈ ಮೂರು ಗುಂಪುಗಳನ್ನು ಹುಡುಕಿ, ಸಿಕ್ಕ ಹಡಗುಗಳಲ್ಲಿ ಬಾರ್ಕ್ ಯಾವುದು ಎಂದು ಲಾಯ್ಡ್ಸ್ ನೋಂದಣಿ ಪುಸ್ತಕದಲ್ಲಿ ನೋಡಿ. ಅಲ್ಲಿ ಹಡಗಿನ ಬಗೆ, ಕಟ್ಟಿದ ಊರು ಮತ್ತು ವರ್ಷ, ಕಪ್ತಾನ, ಮಾಲೀಕ, ಯಾವ ಊರಿನ ವ್ಯಾಪಾರದಲ್ಲಿದೆ ಎನ್ನುವುದೆಲ್ಲ ಇರುತ್ತದೆ. ನಡುಗಂಬದ ತುದಿಯಲ್ಲಿ ಹಾರುತ್ತಿರುವ ನೀಲಿ-ಬಿಳಿ ಬಾವುಟ ಮಾಲೀಕನ ವ್ಯಾಪಾರಸಂಸ್ಥೆಯದ್ದು. ಹೆಸರು ಸಿಕ್ಕಮೇಲೆ ಅದರೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬಹುದು.

ಅಧಿಕೃತ ಸಂಖ್ಯೆ ಕೈಗೆ ಸಿಕ್ಕರೆ ಇನ್ನೊಂದು ಬಾಗಿಲು ತೆರೆಯುತ್ತದೆ: ಸಿಬ್ಬಂದಿಯ ಕರಾರುಪತ್ರಗಳು. 1863ರಿಂದ 1938ರವರೆಗಿನ ಬ್ರಿಟಿಷ್ ಹಡಗುಗಳ ಇಂಥ ಪತ್ರಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ, 1861, 1862 ಮತ್ತು ಐದರಿಂದ ಕೊನೆಗೊಳ್ಳುವ ವರ್ಷಗಳವು ಗ್ರೀನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಪ್ರತಿಯೊಬ್ಬ ನಾವಿಕನ ಹೆಸರು, ವಯಸ್ಸು, ಊರು, ಸಂಬಳ ಇರುತ್ತದೆ. ಚಿತ್ರದ ಮೇಲಟ್ಟದಲ್ಲಿ ಅಕ್ಕಿಕಾಳಿನಷ್ಟೇ ಇರುವ ಆ ಕಪ್ಪು ಚುಕ್ಕೆಗಳಿಗೆ ಹೆಸರುಗಳು ಸಿಗುವ ಕ್ಷಣ ನನಗೆ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಪೂರ್ವದ ವ್ಯಾಪಾರದ ಹಡಗುಗಳಾದರೆ ಆ ಪಟ್ಟಿಗಳಲ್ಲಿ ಕೆಲವೊಮ್ಮೆ ಲಸ್ಕರರೂ, ಅಂದರೆ ವಿಲಾಯತಿ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ನಾವಿಕರೂ, ಇರುತ್ತಾರೆ. ಅವರ ಮುಖ್ಯಸ್ಥನನ್ನು ಸಾರಂಗ, ಅವನ ಕೆಳಗಿನವನನ್ನು ತಿಂಡಾಲ ಎಂದು ಇಂಗ್ಲಿಷ್ ಬರಹಗಾರರು ದಾಖಲಿಸಿದ್ದಾರೆ. ಗಂಗೊಳ್ಳಿಯ ನನ್ನ ತಂಡೇಲರು ಹೊತ್ತಿದ್ದ ಪದವೂ ಅದೇ.

ನಿಮ್ಮ ಹಡಗು ಭಾರತಕ್ಕೆ ಬಂದಿತ್ತೇ ಎನ್ನುವುದನ್ನು ಲಾಯ್ಡ್ಸ್ ಪುಸ್ತಕವೇ ಹೇಳಬೇಕು. ಆದರೆ ಕಾಲ ನನ್ನ ಅಂದಾಜಿನಂತೆ 1860ರ ದಶಕವಾದರೆ ಕುತೂಹಲಕ್ಕೆ ಕಾರಣವಿದೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಲಿವರ್‌ಪೂಲ್‌ಗೆ ಬರುವುದು ಬಹುತೇಕ ನಿಂತಿತು. ಲ್ಯಾಂಕಶೈರ್‌ನ ಗಿರಣಿಗಳು ಭಾರತದ ಕಡೆ ತಿರುಗಿದವು. ಲಿವರ್‌ಪೂಲ್ ದಲ್ಲಾಳಿಗಳ ದರಪಟ್ಟಿಗಳಲ್ಲಿ ಆಗ ಓಡಾಡುತ್ತಿದ್ದ ತಳಿಗಳ ಹೆಸರುಗಳಲ್ಲಿ ಎರಡು ನಮ್ಮವು: ಅಮೆರಿಕದ ಬೀಜದಿಂದ ಬೆಳೆದ ‘ಧಾರವಾಡ’, ನಾಟಿ ತಳಿಯ ‘ಕುಮಟಾ’. ಧಾರವಾಡದ ಹೊಲದಲ್ಲಿ ಬೆಳೆದ ನಾಟಿ ಹತ್ತಿ ಘಟ್ಟ ಇಳಿದು ಕುಮಟಾದ ಬಂದರಿನಿಂದ ಹೋಗುತ್ತಿದ್ದದ್ದರಿಂದ ಅದಕ್ಕೆ ಬಂದರಿನ ಹೆಸರೇ ಅಂಟಿತ್ತು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಒತ್ತಡದಲ್ಲೇ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಿಮ್ಮ ಮಗಳು ಕೊಂಡ ಚಿತ್ರದಲ್ಲಿರುವಂತಹ ಹಡಗುಗಳು ಪರ್ಚ್ ರಾಕ್ ದಾಟಿ ಲಿವರ್‌ಪೂಲ್‌ನ ಧಕ್ಕೆಗೆ ಇಳಿಸುತ್ತಿದ್ದ ಮೂಟೆಗಳಲ್ಲಿ ಆ ಹತ್ತಿಯೂ ಇತ್ತು.

ಚಿತ್ರಗಾರ ಯಾರು? ಈ ಪ್ರಶ್ನೆಗೆ ಅವಸರ ಬೇಡ. ಲಿವರ್‌ಪೂಲ್‌ನಲ್ಲಿ ಈ ವೃತ್ತಿಯ ದೊಡ್ಡ ಪರಂಪರೆಯೇ ಇತ್ತು. ಜೋಸೆಫ್ ಹರ್ಡ್ (1799–1859), ಮೈಲ್ಸ್ ವಾಲ್ಟರ್ಸ್, ಅವನ ಮಗ ಸ್ಯಾಮ್ಯುಯೆಲ್ ವಾಲ್ಟರ್ಸ್ (1811–1882), ಆಮೇಲೆ ವಿಲಿಯಂ ಹೋವರ್ಡ್ ಯಾರ್ಕ್ (1847–1921). ಸ್ಯಾಮ್ಯುಯೆಲ್ ಇವರೆಲ್ಲರಲ್ಲಿ ಹೆಚ್ಚು ಹೆಸರಾದವನು, ಅವನ ನೀರಿನಲ್ಲಿ ಬೆಳಕು ಒಳಗಿನಿಂದ ಬರುತ್ತದೆ. ನಿಮ್ಮ ಚಿತ್ರದ ನೀರು ಹಾಗಿಲ್ಲ. ಸಹಿಯಿಲ್ಲದ ಪಟಕ್ಕೆ ಸ್ಯಾಮ್ಯುಯೆಲ್ ವಾಲ್ಟರ್ಸ್ ಎಂಬ ಹೆಸರು ಅಂಟಿಸಲು ವ್ಯಾಪಾರಿಗಳಿಗೆ ಆಸೆಯಾಗುತ್ತದೆ, ಒಪ್ಪಬೇಡಿ. ಹೆಸರು ಗೊತ್ತಿಲ್ಲದ ಕೈ ಬರೆದ ನಿಖರವಾದ ಹಡಗಿನ ಚಿತ್ರವನ್ನು ದೊಡ್ಡ ಹೆಸರು ಹೊತ್ತ ಸುಳ್ಳು ಚಿತ್ರಕ್ಕಿಂತ ನಾನು ಹೆಚ್ಚು ಗೌರವಿಸುತ್ತೇನೆ. ಪಟದ ಹಿಂಬದಿಯನ್ನು ಮಾತ್ರ ಚೆನ್ನಾಗಿ ನೋಡಿ. ಕ್ಯಾನ್ವಾಸ್ ಮಾರಿದವರ ಮುದ್ರೆ ಇದ್ದರೆ ಅದರಲ್ಲಿರುವ ವಿಳಾಸದಿಂದಲೂ ಕಾಲವನ್ನು ಹೇಳಬಹುದು. ಹರಾಜಿನ ಚೀಟಿ, ಪೆನ್ಸಿಲ್ ಬರಹ ಏನೇ ಇದ್ದರೂ ಕೀಳಬೇಡಿ, ಛಾಯಾಚಿತ್ರ ತೆಗೆದಿಡಿ.

ಈಗ ತೊಳೆಯುವ ವಿಷಯ. ಹಡಗಿನ ಚಿತ್ರದಲ್ಲಿ ಹಗ್ಗಗಳನ್ನು ಎಲ್ಲಕ್ಕಿಂತ ಕೊನೆಗೆ, ಕೂದಲೆಳೆಯ ಕುಂಚದಲ್ಲಿ, ತೆಳುವಾದ ಬಣ್ಣದಿಂದ ಎಳೆಯುತ್ತಾರೆ. ಹಾಗಾಗಿ ಒರೆಸುವ ಬಟ್ಟೆಗೆ ಮೊದಲು ಬಲಿಯಾಗುವುದು ಅವೇ. ಮುಂಬಯಿಯ ಒಂದು ಮನೆಯಿಂದ ನನ್ನ ಬಳಿ ಬಂದಿದ್ದ ಪಟವೊಂದನ್ನು ಯಾರೋ ಹೆಚ್ಚಿದ ಆಲೂಗಡ್ಡೆಯಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದಿದ್ದರು. ಆಕಾಶ ಬೆಳ್ಳಗಾಗಿತ್ತು. ಕಂಬಗಳು ಮಾತ್ರ ನಿಂತಿದ್ದವು, ಅವನ್ನು ಹಿಡಿದಿಡುವ ಒಂದು ಹಗ್ಗವೂ ಉಳಿದಿರಲಿಲ್ಲ. ಬಾವುಟಗಳು ಬಣ್ಣದ ಕಲೆಗಳಾಗಿದ್ದವು. ಆ ಹಡಗಿನ ಹೆಸರು ಇನ್ನು ಯಾರಿಗೂ ತಿಳಿಯುವುದಿಲ್ಲ. ಆಲೂಗಡ್ಡೆ, ಬ್ರೆಡ್ಡು, ನಿಂಬೆ, ಒದ್ದೆ ಬಟ್ಟೆ, ಮಾರುಕಟ್ಟೆಯ ‘ಚಿತ್ರ ಸ್ವಚ್ಛಕ’ ಯಾವುದೂ ಬೇಡ. ವಾರ್ನಿಷ್ ತೆಗೆಯುವುದು ತರಬೇತಿ ಪಡೆದವರ ಕೆಲಸ. ಇಂಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ, ಅಲ್ಲಿ ವಿಚಾರಿಸಿ. ಯಾರೇ ಮಾಡಿದರೂ ಮೊದಲು ಅತಿನೇರಳೆ ದೀಪದಡಿ ಪಟವನ್ನು ನೋಡಲು ಕೇಳಿಕೊಳ್ಳಿ. ಹಳೆಯ ವಾರ್ನಿಷ್ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಯಾರಾದರೂ ಮೇಲೆ ಬಣ್ಣ ಹಚ್ಚಿದ್ದರೆ ಆ ಜಾಗ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಬಾವುಟಗಳ ಮೇಲೆ ಅಂಥ ಮಚ್ಚೆ ಇದ್ದರೆ ನಾನು ಮೇಲೆ ಬರೆದ ಅಕ್ಷರಗಳ ಓದನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ.

ಅಲ್ಲಿಯವರೆಗೆ ನಿಮ್ಮ ಮನೆಯ ಮಳೆಗಾಲವೇ ಈ ಚಿತ್ರದ ದೊಡ್ಡ ಶತ್ರು. ಹೊರಗೋಡೆಯ ಮೇಲೆ, ಅದರಲ್ಲೂ ಪಡುವಣ ಗೋಡೆಯ ಮೇಲೆ ತೂಗುಹಾಕಬೇಡಿ. ಒಳಗೋಡೆಯಲ್ಲಿ ಚೌಕಟ್ಟಿನ ನಾಲ್ಕೂ ಹಿಂಮೂಲೆಗೆ ಬೆಂಡಿನ ತುಂಡು ಅಂಟಿಸಿ ಬೆರಳಗಲ ಗಾಳಿ ಆಡಲು ಬಿಡಿ. ಪ್ಲಾಸ್ಟಿಕ್ ಹೊದಿಸಿ ಬೀರುವಿನಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು, ಜುಲೈ ಮುಗಿಯುವುದರೊಳಗೆ ಬೂಸರು ಹಿಡಿಯುತ್ತದೆ. ವಾರಕ್ಕೊಮ್ಮೆ ಹಿಂಬದಿ ನೋಡಿ.

ಬೆಲೆಯ ಬಗ್ಗೆ ನೀವು ಕೇಳಲಿಲ್ಲ, ಅದು ನನಗೆ ಹಿಡಿಸಿತು. ಆದರೂ ಹೇಳಿಡುತ್ತೇನೆ: ಹಡಗಿನ ಹೆಸರು ಖಚಿತವಾದ ಪಟಕ್ಕೂ ಹೆಸರಿಲ್ಲದ ಪಟಕ್ಕೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ.

ಸದ್ಯಕ್ಕೆ ನನಗೆ ಬೇಕಾದದ್ದು ನಾಲ್ಕನೆಯ ಬಾವುಟದ ಇನ್ನೊಂದು ಛಾಯಾಚಿತ್ರ. ಕೋಣೆಯ ಕಿಟಕಿಗಳನ್ನು ಮುಚ್ಚಿ, ಟಾರ್ಚನ್ನು ಪಟದ ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಕುಂಚದ ಗೆರೆಗಳ ಉಬ್ಬು ನೆರಳು ಕೊಡುತ್ತದೆ. ಬಿಳಿಯ ಬಣ್ಣವನ್ನು ದಪ್ಪವಾಗಿ ಹಚ್ಚುವುದು ರೂಢಿ, ಆದ್ದರಿಂದ ಬಣ್ಣ ಕಾಣದಿದ್ದರೂ ಒಳಚೌಕ ಒಂದೇ, ಎರಡೇ ಎನ್ನುವುದು ಅಂಚಿನಿಂದ ತಿಳಿಯಬಹುದು. ಒಂದಾದರೆ ಪಿ, ಒಂದರೊಳಗೊಂದಾದರೆ ಡಬ್ಲ್ಯೂ. ಆ ಛಾಯಾಚಿತ್ರ ಬಂದ ದಿನವೇ ನಾನು 1860ರ ದಶಕದ ಸಂಪುಟಗಳನ್ನು ತೆರೆದು ಕೂರುತ್ತೇನೆ.